ಟವರ್‌ಗೆ ಹೆದರಿ, ಫೋನ್‌ಗೆ ಕಿವಿಗೊಟ್ಟು

ಮೊಬೈಲ್ ಟವರ್ ವಿಷಯದಲ್ಲಿ ಕರ್ನಾಟಕದ ಅಧಿಕಾರಿಗಳ ಮೇಜಿಗೆ ಎರಡು ಬಗೆಯ ಮನವಿಗಳು ಬರುತ್ತವೆ. ಶಿವಮೊಗ್ಗ, ಉತ್ತರ ಕನ್ನಡ, ಕೊಡಗಿನ ಕಡೆಯವರು ‘ನಮ್ಮೂರಿಗೊಂದು ಟವರ್ ಹಾಕಿಸಿಕೊಡಿ’ ಎನ್ನುತ್ತಾರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಡಾವಣೆಗಳವರು ‘ನಮ್ಮ ಬೀದಿಯ ಟವರ್ ತೆಗೆಸಿಕೊಡಿ’ ಎನ್ನುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಆನ್‌ಲೈನ್ ಪಾಠ ಕೇಳಲು ಮಲೆನಾಡಿನ ಮಕ್ಕಳು ಫೋನ್ ಹಿಡಿದು ಗುಡ್ಡದ ನೆತ್ತಿ ಹತ್ತಿ ಕೂತ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದೆವು. ಮರುವರ್ಷ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ‘ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ’ ಎಂಬ ಅಭಿಯಾನವೇ ನಡೆಯಿತು. ಅದೇ ವರ್ಷದ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಗೆ 5ಜಿ ಟವರ್‌ಗಳೇ ಕಾರಣ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿ, ದೇಶದಲ್ಲಿ ಎಲ್ಲೂ 5ಜಿ ಪ್ರಸಾರ ಶುರುವಾಗಿಲ್ಲ ಎಂದು ದೂರಸಂಪರ್ಕ ಇಲಾಖೆ ಸ್ಪಷ್ಟನೆ ಕೊಡಬೇಕಾಯಿತು. ಹರಿಯಾಣದಲ್ಲಿ ಜನ ಟವರ್‌ಗಳಿಗೆ ಹಾನಿ ಮಾಡಿದ್ದೂ ಉಂಟು. ಆ ಸಂದೇಶ ಊರೂರು ಸುತ್ತಿದ್ದು ಮಾತ್ರ ಅದೇ ಟವರ್‌ಗಳ ಮೂಲಕ. ಹಳ್ಳಿಯವರಿಗೆ ತಿಳಿವಳಿಕೆ ಸಾಲದು, ಪಟ್ಟಣದವರಿಗೆ ಎಚ್ಚರ ಹೆಚ್ಚು ಎಂದು ಇದನ್ನು ಅರ್ಥ ಮಾಡುವವರಿದ್ದಾರೆ. ನನ್ನ ವಾದ ಬೇರೆ. ಮೈಗೆ ತಾಗುವ ರೇಡಿಯೊ ತರಂಗದ ಲೆಕ್ಕವೊಂದನ್ನೇ ಹಿಡಿದು ನೋಡಿದರೂ ಟವರ್ ಕೇಳುವ ಹಳ್ಳಿಯವರ ಅರ್ಜಿಯೇ ಸರಿ. ಪಟ್ಟಣದವರ ಸಿಟ್ಟಿಗೂ ಕಾರಣವಿದೆ, ಆದರೆ ಅವರು ಕೇಳಬೇಕಾದದ್ದನ್ನು ಬಿಟ್ಟು ಬೇರೇನನ್ನೋ ಕೇಳುತ್ತಿದ್ದಾರೆ.

ಮೊದಲು ತರಂಗದ ಮಾತು. ರೇಡಿಯೊ ತರಂಗ ಕನ್ನಡ ನಾಡಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 30 ವಾಟ್‌ನ ಪ್ರಸಾರಕವೊಂದರಿಂದ ‘ಆಕಾಶವಾಣಿ’ ಶುರುಮಾಡಿದ ದಿನದಿಂದಲೂ ಅದು ನಮ್ಮ ಗಾಳಿಯಲ್ಲಿದೆ. ಧಾರವಾಡ ಆಕಾಶವಾಣಿಯ ಮೀಡಿಯಂ ವೇವ್ ಕೇಂದ್ರ 200 ಕಿಲೋವಾಟ್ ಸಾಮರ್ಥ್ಯದ್ದು, ಅಂದರೆ ಎರಡು ಲಕ್ಷ ವಾಟ್. ನಿಮ್ಮ ಬೀದಿಯ ಮೊಬೈಲ್ ಟವರಿನ ಒಂದು ಪ್ರಸಾರಕದ ಶಕ್ತಿ ಸಾಮಾನ್ಯವಾಗಿ 20 ವಾಟ್. ಜನರ ಮನಸ್ಸಿನಲ್ಲಿ ಕೈಗಾ ಸ್ಥಾವರ, ಆಸ್ಪತ್ರೆಯ ಎಕ್ಸ್-ರೇ ಕೋಣೆ ಮತ್ತು ಮೊಬೈಲ್ ಟವರ್ ಮೂರೂ ಒಂದೇ ಸಾಲಿನಲ್ಲಿ ಕೂತಿವೆ. ಎಕ್ಸ್-ರೇಯ ಒಂದು ಕಣಕ್ಕೆ ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ವಂಶವಾಹಿಯ ಎಳೆಯನ್ನೇ ಮುರಿಯುವಷ್ಟು ಶಕ್ತಿಯಿದೆ. ಅದಕ್ಕೆ ಬೇಕಾದದ್ದು ಸುಮಾರು 10 ಎಲೆಕ್ಟ್ರಾನ್ ವೋಲ್ಟ್. ಕಣ್ಣಿಗೆ ಕಾಣುವ ಬೆಳಕಿನ ಕಣಕ್ಕೆ ಎರಡು ಮೂರು ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ. 900 ಮೆಗಾಹರ್ಟ್ಸ್ ಮೊಬೈಲ್ ತರಂಗದ ಕಣಕ್ಕೆ ಇರುವುದು ಒಂದು ಎಲೆಕ್ಟ್ರಾನ್ ವೋಲ್ಟ್‌ನ ಹತ್ತು ಲಕ್ಷದಲ್ಲಿ ನಾಲ್ಕು ಪಾಲಿಗಿಂತಲೂ ಕಡಿಮೆ. ಮನೆಯ ದೀಪದ ಬೆಳಕಿನ ಕಣವೇ ಅದರ ಐದು ಲಕ್ಷ ಪಟ್ಟು ಬಲಶಾಲಿ. ಇಂಥ ಕಣಗಳು ಎಷ್ಟು ಕೋಟಿ ಒಟ್ಟಾಗಿ ಬಂದರೂ ವಂಶವಾಹಿಯನ್ನು ನೇರವಾಗಿ ಕತ್ತರಿಸಲಾರವು. ಅವುಗಳಿಂದ ಆಗುವುದು, ಪ್ರಮಾಣ ಸಾಕಷ್ಟಿದ್ದರೆ, ಶಾಖ.

ಹಾಗಾದರೆ ಪ್ರಮಾಣ ಎಷ್ಟು? ಟವರಿನ ಮೇಲೆ ನಿಲ್ಲಿಸಿದ ಉದ್ದನೆಯ ಬಿಳಿ ಪೆಟ್ಟಿಗೆಯಂಥ ಆ್ಯಂಟೆನಾ ತನ್ನ 20 ವಾಟ್ ಶಕ್ತಿಯನ್ನು ಸುತ್ತಲೂ ಸಮನಾಗಿ ಚೆಲ್ಲುವುದಿಲ್ಲ. ಎದುರಿನ ದಿಕ್ಕಿಗೆ, ಬಹುತೇಕ ಅಡ್ಡಡ್ಡವಾಗಿ, ತುಸುವೇ ನೆಲದ ಕಡೆ ಬಾಗಿಸಿ ಕಳಿಸುತ್ತದೆ. ಹೀಗೆ ಒಂದೆಡೆ ಕೂಡಿಸುವುದರಿಂದ ಎದುರಿನ ದಿಕ್ಕಿನಲ್ಲಿ ಅದು ಸಾವಿರ ವಾಟ್‌ನ ಪ್ರಸಾರಕದಂತೆ ವರ್ತಿಸುತ್ತದೆ ಎಂದಿಟ್ಟುಕೊಂಡು, ಶಾಲೆಯ ಭೌತಶಾಸ್ತ್ರದ ಸೂತ್ರ ಹಚ್ಚಿದರೆ, 50 ಮೀಟರ್ ಆಚೆ, ಆ್ಯಂಟೆನಾದ ಕಣ್ಣಿಗೆ ಕಣ್ಣು ಕೊಟ್ಟು ನಿಂತವರ ಮೇಲೆ ಬೀಳುವುದು ಚದರ ಮೀಟರಿಗೆ ಸುಮಾರು 0.03 ವಾಟ್. ನೂರು ಮೀಟರಿಗೆ ಅದು 0.008ಕ್ಕೆ ಇಳಿಯುತ್ತದೆ, ಏಕೆಂದರೆ ದೂರ ಎರಡು ಪಟ್ಟಾದರೆ ತೀವ್ರತೆ ನಾಲ್ಕನೇ ಒಂದಾಗುತ್ತದೆ. ಒಂದೇ ಕಂಬದಲ್ಲಿ ಮೂರ್ನಾಲ್ಕು ಕಂಪನಿಗಳು, ಪ್ರತಿಯೊಂದಕ್ಕೂ ಹಲವು ಬ್ಯಾಂಡ್‌ಗಳು ಇರುತ್ತವೆ, ಹಾಗಾಗಿ ಒಟ್ಟು ಮೊತ್ತ ಹಲವು ಪಟ್ಟಾಗಬಹುದು ಎಂಬುದನ್ನೂ ಸೇರಿಸೋಣ. ಆದರೆ ನೆಲದ ಮೇಲಿರುವವರು ಈ ಮುಖ್ಯ ಕಿರಣದ ದಾರಿಯಲ್ಲೇ ಇರುವುದಿಲ್ಲ. ಟವರಿನ ಬುಡದಲ್ಲಿ ವಾಸಿಸುವವರು ಎಲ್ಲರಿಗಿಂತ ಹೆಚ್ಚು ಹೆದರುತ್ತಾರೆ, ಸಾಮಾನ್ಯವಾಗಿ ಅವರ ಮೇಲೆಯೇ ಕಡಿಮೆ ಬೀಳುತ್ತದೆ. ನಿಜಕ್ಕೂ ಗಮನಿಸಬೇಕಾದವರು ಆ್ಯಂಟೆನಾದ ಎತ್ತರಕ್ಕೇ, ಅದರ ನೇರ ಎದುರಿಗೆ, ಹತ್ತಿಪ್ಪತ್ತು ಮೀಟರ್ ಅಂತರದ ಮಹಡಿಯಲ್ಲಿರುವವರು. ಮೇಲಿನ ಅದೇ ಲೆಕ್ಕದಲ್ಲಿ 10 ಮೀಟರಿಗೆ ತೀವ್ರತೆ 0.8 ವಾಟ್ ಬರುತ್ತದೆ, ಅದು 900 ಮೆಗಾಹರ್ಟ್ಸ್‌ಗೆ ನಮ್ಮ ದೇಶ ಗೊತ್ತುಪಡಿಸಿದ ಮಿತಿಯನ್ನು ಮೀರುತ್ತದೆ. ದೂರಸಂಪರ್ಕ ಇಲಾಖೆಯ ಮಾರ್ಗಸೂಚಿ ಇದಕ್ಕೆಂದೇ ಅಂತರ ಹೇಳಿತು: ಒಂದು ಆ್ಯಂಟೆನಾ ಇದ್ದರೆ ಅದೇ ಎತ್ತರದ ಕಟ್ಟಡ ಎದುರಿನಲ್ಲಿ 20 ಮೀಟರಿನೊಳಗೆ ಇರಕೂಡದು, ಎರಡಿದ್ದರೆ 35, ಹನ್ನೆರಡಿದ್ದರೆ 75 ಮೀಟರ್. ಟವರ್ ವಿರೋಧಿ ಸಭೆಗಳಲ್ಲಿ ಈ ನಿಯಮದ ಮಾತು ಕೇಳಿಬರುವುದೇ ಅಪರೂಪ. ಟವರ್ ಯಾರ ಮನೆಯ ಮೇಲಿದೆ ಎಂದು ಎಲ್ಲರೂ ಕೇಳುತ್ತಾರೆ, ಆ್ಯಂಟೆನಾ ಯಾರ ಮನೆಯತ್ತ ಮುಖ ಮಾಡಿದೆ ಎಂದು ಯಾರೂ ಕೇಳುವುದಿಲ್ಲ.

ಈಗ ಕೈಯಲ್ಲಿರುವ ಫೋನಿನ ಕಡೆ ನೋಡೋಣ. ಅದೂ ಒಂದು ಪ್ರಸಾರಕವೇ. ಅದರ ಶಕ್ತಿ ಕಡಿಮೆ, 4ಜಿ ಫೋನಿನದು ಹೆಚ್ಚೆಂದರೆ ಒಂದು ವಾಟ್‌ನ ಐದನೇ ಒಂದು ಪಾಲು. ಆದರೆ ಅದು ಕಿವಿಗೆ ಒತ್ತಿಕೊಂಡಿರುತ್ತದೆ, ನಡುವೆ ಮೀಟರುಗಳ ಅಂತರವಿಲ್ಲ, ಮಿಲಿಮೀಟರುಗಳ ಅಂತರ. ದೂರದ ಲೆಕ್ಕ ಇಲ್ಲಿ ತಿರುಗುಮುರುಗಾಗುತ್ತದೆ. ಮಾತನಾಡುತ್ತಿರುವ ಫೋನಿನಿಂದ ತಲೆಯ ಒಂದು ಭಾಗ ಹೀರಿಕೊಳ್ಳುವ ಶಕ್ತಿ, ಬೀದಿಯ ಟವರಿನಿಂದ ಅದೇ ಭಾಗಕ್ಕೆ ಬರುವುದರ ನೂರಾರು, ಎಷ್ಟೋ ಸಲ ಸಾವಿರಾರು ಪಟ್ಟು. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಫೋನ್ ಸದಾ ಒಂದೇ ಶಕ್ತಿಯಲ್ಲಿ ಕೆಲಸ ಮಾಡುವುದಿಲ್ಲ. ಬೇಲಿಯಾಚೆಯ ನೆರೆಯವಳೊಡನೆ ಪಿಸುಮಾತಿನಲ್ಲಿ ಮುಗಿಯುವ ಸಂಗತಿಯನ್ನು ಹೊಳೆಯಾಚೆಯವಳಿಗೆ ಹೇಳಲು ಕೂಗಬೇಕಾಗುತ್ತದಲ್ಲ, ಹಾಗೆ ಟವರ್ ಹತ್ತಿರವಿದ್ದಾಗ ಫೋನ್ ತನ್ನ ಶಕ್ತಿಯನ್ನು ಸಾವಿರ ಪಾಲಿಗೂ ಕೆಳಗೆ ಇಳಿಸಿಕೊಳ್ಳಬಲ್ಲದು. ದೂರವಾದಂತೆ ಏರಿಸಿ, ಒಂದೇ ಕಡ್ಡಿ ಸಿಗ್ನಲ್ ಇರುವಲ್ಲಿ ಪೂರ್ತಿ ಬಲಕ್ಕೆ ಹೋಗುತ್ತದೆ. ಕ್ಯಾಲಿಫೋರ್ನಿಯದ ಸಾರ್ವಜನಿಕ ಆರೋಗ್ಯ ಇಲಾಖೆ 2017ರಲ್ಲಿ ಹೊರಡಿಸಿದ ಸಲಹೆಯಲ್ಲಿ, ಸಿಗ್ನಲ್ ಕ್ಷೀಣವಾಗಿರುವ ಕಡೆ ಫೋನ್ ಬಳಕೆ ತಗ್ಗಿಸಿ ಎಂದಿದ್ದು ಈ ಕಾರಣಕ್ಕೇ. ಬಡಾವಣೆಯ ಸಂಘ ಹೋರಾಡಿ ಟವರನ್ನು ಒಂದು ಕಿಲೋಮೀಟರ್ ಆಚೆ ಅಟ್ಟಿತು ಎನ್ನಿ. ಯಾರೂ ಫೋನ್ ಬಿಡುವುದಿಲ್ಲ. ಆ ಬೀದಿಯ ಪ್ರತಿಯೊಂದು ಫೋನೂ ಪ್ರತಿಯೊಂದು ಕಿವಿಯ ಪಕ್ಕದಲ್ಲಿ ಮೊದಲಿಗಿಂತ ಜೋರಾಗಿ ಪ್ರಸಾರ ಮಾಡಲು ತೊಡಗುತ್ತದೆ. ಉಳಿದ ದೂರದ ಟವರ್‌ಗಳು ಹೆಚ್ಚು ಜನರನ್ನು ತಲುಪಲು ಹೆಚ್ಚು ದುಡಿಯುತ್ತವೆ. ಅಂಕೋಲೆಯ ಒಳನಾಡಿನಲ್ಲೋ ಹೊಸನಗರದ ಕಾಡಂಚಿನಲ್ಲೋ ಸಿಗ್ನಲ್ ಹುಡುಕುತ್ತ ಫೋನ್ ಕಿವಿಗೊತ್ತಿ ಕೂಗಿ ಮಾತಾಡುವವರು ತಲೆಗೆ ಪಡೆಯುವ ತರಂಗ, ಟವರ್ ಎದುರಿಗೇ ಇರುವ ಜಯನಗರದವರಿಗಿಂತ ಹೆಚ್ಚು.

ನಮ್ಮ ದೇಶದ ಮಿತಿಗಳು ಸಡಿಲವಾಗಿದ್ದವು ಎಂಬ ದೂರು ಒಂದು ಕಾಲಕ್ಕೆ ಜೋರಾಗಿತ್ತು. ಐಐಟಿ ಬಾಂಬೆಯ ಪ್ರಾಧ್ಯಾಪಕ ಗಿರೀಶ್ ಕುಮಾರ್ 2010ರಲ್ಲಿ ದೂರಸಂಪರ್ಕ ಇಲಾಖೆಗೆ ಈ ಬಗ್ಗೆ ವರದಿ ಕೊಟ್ಟರು, ಅಂತರ-ಸಚಿವಾಲಯ ಸಮಿತಿ ಕೂತಿತು, 2012ರ ಸೆಪ್ಟೆಂಬರ್ 1ರಿಂದ ಭಾರತ, ವಿಕಿರಣ ಸುರಕ್ಷತೆಯ ಅಂತರರಾಷ್ಟ್ರೀಯ ಆಯೋಗದ ಮಿತಿಯನ್ನು ಹತ್ತನೇ ಒಂದಕ್ಕೆ ಇಳಿಸಿತು. 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 4.5 ವಾಟ್ ಇದ್ದದ್ದು 0.45 ಆಯಿತು, 1800ಕ್ಕೆ 9 ಇದ್ದದ್ದು 0.9 ಆಯಿತು. ಆ ಅಂತರರಾಷ್ಟ್ರೀಯ ಮಿತಿಯೂ ಹಾನಿಯ ಗಡಿಗೆ ಅಂಟಿಕೊಂಡು ಎಳೆದ ಗೆರೆಯಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ದೇಹದ ತಾಪ ಸುಮಾರು ಒಂದು ಡಿಗ್ರಿ ಏರಿ ವರ್ತನೆಯಲ್ಲಿ ಬದಲಾವಣೆ ಕಾಣಿಸುವುದು ಪ್ರತಿ ಕಿಲೋ ತೂಕಕ್ಕೆ 4 ವಾಟ್ ಹೀರಿಕೊಂಡಾಗ. ಅದರ ಐವತ್ತನೇ ಒಂದು ಪಾಲು, ಅಂದರೆ 0.08 ವಾಟ್, ಜನಸಾಮಾನ್ಯರಿಗೆ ಹಾಕಿದ ಗೆರೆ. ಅದರಲ್ಲೂ ಹತ್ತನೇ ಒಂದು ಪಾಲನ್ನು ಭಾರತ ಒಪ್ಪಿತು. ಸುಮ್ಮನೆ ಕೂತಿರುವಾಗ ನಮ್ಮ ದೇಹವೇ ಕಿಲೋಗೆ ಒಂದು ವಾಟ್‌ಗಿಂತ ಹೆಚ್ಚು ಶಾಖ ಹುಟ್ಟಿಸುತ್ತಿರುತ್ತದೆ. ಬೇರೆ ದೇಶಗಳು ಇನ್ನೂ ಬಿಗಿಯಲ್ಲವೇ ಎಂದು ಕೇಳಬಹುದು. ಹೌದು, ಇಟಲಿ ವಾಸದ ಮನೆಗಳಿಗೆ ಮೀಟರಿಗೆ 6 ವೋಲ್ಟ್ ಎಂಬ ಮಿತಿಯನ್ನು ವರ್ಷಗಟ್ಟಲೆ ಇಟ್ಟುಕೊಂಡಿತ್ತು, ಅದು ನಮ್ಮದಕ್ಕಿಂತ ಬಿಗಿ. 6 ವೋಲ್ಟ್‌ಗೆ ಮೇಲೆ ಕಾಯಿಲೆ ಕಂಡಿತೆಂದು ಹಾಕಿದ ಗೆರೆಯಲ್ಲ ಅದು, ಮುನ್ನೆಚ್ಚರಿಕೆಯ ರಾಜಕೀಯ ತೀರ್ಮಾನ. 2024ರಲ್ಲಿ ಅದೇ ಇಟಲಿ ಅದನ್ನು 15 ವೋಲ್ಟ್‌ಗೆ ಏರಿಸಿತು.

ಇಲ್ಲಿ ಬರುವ ಆಕ್ಷೇಪ ಗಟ್ಟಿಯಾದದ್ದು: ಈ ಮಿತಿಗಳೆಲ್ಲ ಶಾಖವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ, ಶಾಖವಿಲ್ಲದೆಯೂ ವರ್ಷಾನುಗಟ್ಟಲೆ ಸಣ್ಣ ಪ್ರಮಾಣದಲ್ಲಿ ಬೀಳುವ ತರಂಗ ಏನೂ ಮಾಡುವುದಿಲ್ಲವೆಂದು ಹೇಗೆ ಹೇಳುತ್ತೀರಿ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ 2011ರ ಮೇ ತಿಂಗಳಲ್ಲಿ ರೇಡಿಯೊ ತರಂಗವನ್ನು ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿತಲ್ಲ? ಸೇರಿಸಿದ್ದು ನಿಜ. ಭಿತ್ತಿಪತ್ರಗಳಲ್ಲಿ ಇಷ್ಟೇ ಇರುತ್ತದೆ, ಮುಂದಿನ ಸಾಲು ಇರುವುದಿಲ್ಲ. ಆ ವರ್ಗೀಕರಣಕ್ಕೆ ಆಧಾರ ಫೋನನ್ನು ತಲೆಗೆ ಒತ್ತಿ ಬಳಸುವವರ ಅಧ್ಯಯನಗಳು. ಟವರಿನಂಥ ಪರಿಸರದ ಮೂಲಗಳ ಬಗ್ಗೆ ಸಿಕ್ಕ ಪುರಾವೆ ಏನನ್ನೂ ಹೇಳಲು ಸಾಲದು ಎಂದೇ ಅದೇ ತಜ್ಞರ ಗುಂಪು ತೀರ್ಮಾನಿಸಿತ್ತು. 2ಬಿ ಎಂಬುದು ಅಪಾಯದ ಗಾತ್ರವನ್ನೂ ಹೇಳುವುದಿಲ್ಲ, ಪುರಾವೆ ಎಷ್ಟು ತೆಳುವಾಗಿದೆ ಎಂಬುದನ್ನು ಹೇಳುತ್ತದೆ. ಲೋಳೆಸರದ ಇಡೀ ಎಲೆಯ ಸಾರ, ಏಷ್ಯಾದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿ ಇವೂ ಅದೇ ಗುಂಪಿನಲ್ಲಿವೆ. ಅಂದಿನ ಮುಖ್ಯ ಪುರಾವೆಯಾಗಿದ್ದ 13 ದೇಶಗಳ ‘ಇಂಟರ್‌ಫೋನ್’ ಅಧ್ಯಯನ, ಒಟ್ಟಾರೆ ಫೋನ್ ಬಳಸುವವರಲ್ಲಿ ಮೆದುಳಿನ ಗೆಡ್ಡೆ ಹೆಚ್ಚಿಲ್ಲವೆಂದಿತು. ಅತಿ ಹೆಚ್ಚು ಮಾತಾಡಿದ ಮೇಲಿನ ಹತ್ತನೇ ಒಂದು ಪಾಲು ಜನರಲ್ಲಿ ಮಾತ್ರ ಗ್ಲಿಯೋಮ ಎಂಬ ಗೆಡ್ಡೆಯ ಸಂಭವ ಶೇ 40ರಷ್ಟು ಹೆಚ್ಚು ಕಂಡಿತು, ಆದರೆ ರೋಗಿಗಳ ನೆನಪಿನ ದೋಷ ಮತ್ತು ಆಯ್ಕೆಯ ಪಕ್ಷಪಾತದಿಂದಾಗಿ ಇದನ್ನು ಕಾರಣವೆಂದು ಹೇಳಲಾಗದು ಎಂದು ಬರೆದವರೇ ಒಪ್ಪಿಕೊಂಡರು. ಈ ಸಂದೇಹವೂ ಫೋನಿನ ಮೇಲಿನದು, ಟವರಿನ ಮೇಲಿನದಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಆಮೇಲಿನ ವರ್ಷಗಳಲ್ಲಿ ಪುರಾವೆ ಬೆಳೆದಿದೆ, ಸಂದೇಹ ಬೆಳೆದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ ನಡೆದು 2024ರಲ್ಲಿ ಪ್ರಕಟವಾದ ವಿಮರ್ಶೆ, 1994ರಿಂದ 2022ರವರೆಗಿನ 63 ಅಧ್ಯಯನಗಳನ್ನು ಜಾಲಾಡಿ, ಫೋನ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲವೆಂದಿತು. ಹತ್ತು ವರ್ಷಕ್ಕೂ ಹೆಚ್ಚು ಬಳಸಿದವರಲ್ಲೂ ಕಾಣಲಿಲ್ಲ. ಟವರಿನ ಬಗ್ಗೆಯೇ ನೇರವಾಗಿ ಕೇಳಿದ ಒಂದು ಒಳ್ಳೆಯ ಅಧ್ಯಯನ 2010ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂತು. ಬ್ರಿಟನ್ನಿನಲ್ಲಿ ಎಳವೆಯಲ್ಲೇ ಕ್ಯಾನ್ಸರ್‌ಗೆ ತುತ್ತಾದ 1,397 ಮಕ್ಕಳನ್ನೂ ಅವರಿಗೆ ಹೋಲುವ 5,588 ಆರೋಗ್ಯವಂತ ಮಕ್ಕಳನ್ನೂ ತೆಗೆದುಕೊಂಡು, ಗರ್ಭದಲ್ಲಿದ್ದಾಗ ತಾಯಂದಿರ ಮನೆ ಟವರಿಗೆ ಎಷ್ಟು ಹತ್ತಿರವಿತ್ತು, ಟವರಿನ ಶಕ್ತಿ ಎಷ್ಟಿತ್ತು ಎಂದು ಲೆಕ್ಕಹಾಕಿದರು. ಎರಡೂ ಗುಂಪಿನ ನಡುವೆ ವ್ಯತ್ಯಾಸ ಸಿಗಲಿಲ್ಲ. ಆಸ್ಟ್ರೇಲಿಯದಲ್ಲಿ 1987ರಲ್ಲಿ ಮೊಬೈಲ್ ಬಂದ ಮೇಲೆ ಮೂರು ದಶಕದ ಹತ್ತಿರ ಮೆದುಳಿನ ಕ್ಯಾನ್ಸರ್ ದಾಖಲೆ ನೋಡಿದರೆ, ಬಳಕೆ ಸೊನ್ನೆಯಿಂದ ಬಹುತೇಕ ಎಲ್ಲರ ಕೈಗೆ ಏರಿದ್ದರ ಗುರುತು ಅದರಲ್ಲಿಲ್ಲ. ಎದುರು ಪುರಾವೆಯನ್ನೂ ಮುಚ್ಚಿಡಬೇಕಿಲ್ಲ. 2018ರಲ್ಲಿ ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮದ ಪ್ರಯೋಗದಲ್ಲಿ ಗಂಡು ಇಲಿಗಳ ಹೃದಯದಲ್ಲಿ ಅಪರೂಪದ ಗೆಡ್ಡೆಗಳು ಕಂಡವು. ಅದೇ ವರ್ಷ ಇಟಲಿಯ ಬೊಲೋನ್ಯದ ರಮತ್ಸೀನಿ ಸಂಸ್ಥೆಯ ಇಲಿಗಳಲ್ಲೂ ಅತಿ ಹೆಚ್ಚಿನ ಪ್ರಮಾಣಕ್ಕೆ ಒಡ್ಡಿದ ಗುಂಪಿನಲ್ಲಿ ಇಂಥದೇ ಗೆಡ್ಡೆ ಕಂಡಿತು. ಅಮೆರಿಕದ ಇಲಿಗಳ ಇಡೀ ದೇಹಕ್ಕೆ ದಿನಕ್ಕೆ ಒಂಬತ್ತು ಗಂಟೆ, ಎರಡು ವರ್ಷ, ಕಿಲೋಗೆ 1.5ರಿಂದ 6 ವಾಟ್‌ವರೆಗೆ ಕೊಡಲಾಗಿತ್ತು. ಟವರಿನ ಬಳಿಯ ಮನುಷ್ಯರಿಗೆ ಅನುಮತಿಸಿದ ಭಾರತದ ಮಿತಿಗಿಂತ ಅದು ನೂರಾರು ಪಟ್ಟು. ತರಂಗಕ್ಕೆ ಒಡ್ಡಿದ ಗಂಡಿಲಿಗಳು ಒಡ್ಡದವಕ್ಕಿಂತ ಹೆಚ್ಚು ಕಾಲ ಬದುಕಿದವು ಎಂಬುದೂ ಅದೇ ವರದಿಯಲ್ಲಿದೆ. ಇದರಿಂದ ಟವರ್ ಆಯುಷ್ಯ ಹೆಚ್ಚಿಸುತ್ತದೆ ಎಂದು ಯಾರೂ ಹೇಳುವುದಿಲ್ಲ. ಆ ಪ್ರಯೋಗವನ್ನು ಬೀದಿಯ ಟವರಿಗೆ ಎಳೆದು ತರುವುದು ಎರಡೂ ದಿಕ್ಕಿನಲ್ಲಿ ತಪ್ಪು, ಅಷ್ಟೆ.

‘ಇದೆಲ್ಲ ವಿದೇಶದ ಲೆಕ್ಕ, ನಮ್ಮ ಬೀದಿಯಲ್ಲೇ ನಾಲ್ಕು ಜನರಿಗೆ ಕ್ಯಾನ್ಸರ್ ಬಂದಿದೆ’ ಎಂಬ ಮಾತಿಗೆ ಉತ್ತರಿಸುವುದು ಕಷ್ಟ, ಏಕೆಂದರೆ ಅದರ ಹಿಂದೆ ಸಂಕಟವಿದೆ. ಆದರೂ ಉತ್ತರಿಸಬೇಕು. ದೇಶದಲ್ಲಿ ವರ್ಷಕ್ಕೆ 14 ಲಕ್ಷದಷ್ಟು ಹೊಸ ಕ್ಯಾನ್ಸರ್ ಪ್ರಕರಣಗಳಾಗುತ್ತವೆ. ಒಂಬತ್ತು ಭಾರತೀಯರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಂದಾದರೂ ಅದು ಬರುವ ಸಂಭವವಿದೆ ಎಂದು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಅಂದಾಜು ಮಾಡಿದೆ. ಇನ್ನೊಂದು ಕಡೆ ದೇಶದಲ್ಲಿ ಲಕ್ಷಗಟ್ಟಲೆ ಟವರ್‌ಗಳಿವೆ, ನಗರದಲ್ಲಿ ಟವರಿನಿಂದ ಅರ್ಧ ಕಿಲೋಮೀಟರ್ ಒಳಗಿಲ್ಲದ ಮನೆ ಹುಡುಕುವುದೇ ಕಷ್ಟ. ಹೀಗಿರುವಾಗ ನಾಲ್ಕು ರೋಗಿಗಳೂ ಒಂದು ಟವರೂ ಇರುವ ಬೀದಿಗಳು ಕಾಕತಾಳೀಯವಾಗಿಯೇ ಸಾವಿರಾರು ಇರುತ್ತವೆ. ನಾಲ್ಕು ರೋಗಿಗಳಿದ್ದು ಟವರಿಲ್ಲದ ಬೀದಿಯೂ, ಟವರಿದ್ದು ರೋಗಿಗಳಿಲ್ಲದ ಬೀದಿಯೂ ಸುದ್ದಿಯಾಗುವುದಿಲ್ಲ. ಸುಪ್ರೀಂ ಕೋರ್ಟ್ 2017ರಲ್ಲಿ ಗ್ವಾಲಿಯರ್‌ನ ಮನೆಗೆಲಸದವರೊಬ್ಬರ ಅರ್ಜಿಯ ಮೇಲೆ ಪಕ್ಕದ ಮನೆಯ ಬಿಎಸ್‌ಎನ್‌ಎಲ್ ಟವರನ್ನು ನಿಲ್ಲಿಸಲು ಹೇಳಿದ್ದನ್ನು ಈಗಲೂ ಉದಾಹರಿಸುತ್ತಾರೆ. ಅದಕ್ಕೂ ಮೊದಲು, 2012ರಲ್ಲಿ, ರಾಜಸ್ಥಾನ ಹೈಕೋರ್ಟ್ ಶಾಲೆ, ಆಸ್ಪತ್ರೆಗಳ ಬಳಿಯ ಟವರ್ ತೆಗೆಯಲು ಆದೇಶಿಸಿತ್ತು. ನ್ಯಾಯಾಲಯಗಳ ಬಗ್ಗೆ ಗೌರವವಿಟ್ಟುಕೊಂಡೇ ಹೇಳಬಹುದು, ರೋಗದ ಕಾರಣ ಆದೇಶದಿಂದ ಸಾಬೀತಾಗುವುದಿಲ್ಲ. ಶಾಲೆಯ ಬಳಿಯ ಟವರ್ ತೆಗೆದ ಮೇಲೆ ಮಕ್ಕಳ ಕೈಯ ಫೋನ್‌ಗಳೇನಾದವು ಎಂದು ಯಾವ ಆದೇಶವೂ ಕೇಳಲಿಲ್ಲ.

ತಲೆನೋವು, ನಿದ್ರಾಭಂಗ, ಕಿವಿಯಲ್ಲಿ ಗುಂಯ್‌ಗುಡುವಿಕೆಯ ದೂರುಗಳು ಕ್ಯಾನ್ಸರಿಗಿಂತ ಹೆಚ್ಚು ಸಾಮಾನ್ಯ. ಇವನ್ನು ಅನುಭವಿಸುವವರು ಸುಳ್ಳು ಹೇಳುತ್ತಿಲ್ಲ. ಆದರೆ ಕಾರಣ ತರಂಗವೇ ಎಂಬುದನ್ನು ಪರೀಕ್ಷಿಸುವ ದಾರಿಯಿದೆ: ಪ್ರಸಾರಕ ಚಾಲೂ ಇದೆಯೋ ಇಲ್ಲವೋ ಎಂದು ಕೂತವರಿಗೂ ಗೊತ್ತಿರಬಾರದು, ಕೂರಿಸಿದವರಿಗೂ ಗೊತ್ತಿರಬಾರದು. ತಾವು ತರಂಗಕ್ಕೆ ಸೂಕ್ಷ್ಮ ಎಂದುಕೊಂಡ 1,175 ಜನರ ಮೇಲೆ ನಡೆದ ಇಂಥ 46 ಪ್ರಯೋಗಗಳನ್ನು 2010ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ತರಂಗ ಇರುವುದನ್ನು ಅವರು ಗುರುತಿಸಬಲ್ಲರೆಂಬುದಕ್ಕೆ ನಂಬತಕ್ಕ ಆಧಾರ ಸಿಗಲಿಲ್ಲ. ಚಾಲೂ ಇದೆ ಎಂದು ನಂಬಿದಾಗ ಮಾತ್ರ, ಅದು ಆರಿದ್ದರೂ ತಲೆ ನೋಯಿತು. ಅಂದರೆ ಭಯವೇ ದೇಹಕ್ಕೆ ತೊಂದರೆ ಕೊಡಬಲ್ಲದು. ಬೀದಿಬೀದಿಯಲ್ಲಿ ‘ಈ ಟವರ್ ಕ್ಯಾನ್ಸರ್ ತರುತ್ತದೆ’ ಎಂದು ಬ್ಯಾನರ್ ಕಟ್ಟುವವರು ತಮ್ಮ ನೆರೆಹೊರೆಯವರ ಆರೋಗ್ಯಕ್ಕೆ ಏನು ಮಾಡುತ್ತಿದ್ದೇವೆಂದು ಯೋಚಿಸುವುದು ಒಳ್ಳೆಯದು.

ಟವರಿನಿಂದಲೇ ಗುಬ್ಬಚ್ಚಿಗಳು ಮಾಯವಾದವು ಎಂಬ ಮಾತನ್ನೂ ಒಂದೆರಡು ಸಾಲಿನಲ್ಲಿ ಮುಗಿಸೋಣ, ರಜನಿಕಾಂತ್ ಅಭಿನಯದ 2018ರ ‘2.0’ ಸಿನಿಮಾ ಅದನ್ನು ಸಾಕಷ್ಟು ಎಳೆದಿದೆ. ಬ್ರಿಟನ್ನಿನಲ್ಲಿ ಗುಬ್ಬಚ್ಚಿಗಳು ಕಡಿಮೆಯಾಗತೊಡಗಿದ್ದು 1970ರ ದಶಕದಲ್ಲಿ, ಮೊಬೈಲ್ ಟವರ್ ಹುಟ್ಟುವ ಮೊದಲೇ. ಹೆಂಚಿನ ಮಾಡು ಹೋಗಿ ಆರ್‌ಸಿಸಿ ಬಂದ, ಕಾಳು ಕೇರುವ ಅಂಗಳ ಹೋಗಿ ಪಾರ್ಕಿಂಗ್ ಬಂದ, ಮರಿಗೆ ಬೇಕಾದ ಹುಳ ಕೀಟನಾಶಕಕ್ಕೆ ಸತ್ತ ಊರಿನಲ್ಲಿ ಗುಬ್ಬಚ್ಚಿ ಹೋದದ್ದಕ್ಕೆ ಟವರೊಂದನ್ನೇ ದೂರುವುದು ನಮಗೆ ಅನುಕೂಲಕರ ಉತ್ತರ.

ಇನ್ನುಳಿದದ್ದು ಬಹುಶಃ ಎಲ್ಲಕ್ಕಿಂತ ಪ್ರಾಮಾಣಿಕವಾದ ಆಕ್ಷೇಪ. ತಂಬಾಕು, ಕಲ್ನಾರಿನ ವಿಷಯದಲ್ಲೂ ಕಂಪನಿಗಳು ‘ಪುರಾವೆಯಿಲ್ಲ’ ಎಂದೇ ದಶಕಗಳ ಕಾಲ ಹೇಳಿದವು, ಈಗ ಅದನ್ನೇ ಯಾಕೆ ನಂಬಬೇಕು? ನಂಬಬೇಡಿ ಎಂದೇ ನಾನೂ ಹೇಳುತ್ತೇನೆ. ಉದ್ಯಮದ ಹಣದಿಂದ ನಡೆದ ಮೊಬೈಲ್ ಅಧ್ಯಯನಗಳಲ್ಲಿ ಪರಿಣಾಮ ಕಾಣುವುದು ಕಡಿಮೆ ಎಂದು 2007ರಲ್ಲೇ ಒಂದು ವಿಶ್ಲೇಷಣೆ ತೋರಿಸಿತ್ತು. ಆದರೆ ತಂಬಾಕಿನ ಹೋಲಿಕೆ ಒಂದು ಕಡೆ ಮುರಿಯುತ್ತದೆ. ಅಲ್ಲಿ ಪುರಾವೆ ಇರಲಿಲ್ಲ ಎಂಬುದು ಕಂಪನಿಗಳ ಸುಳ್ಳು. 1950ರಲ್ಲಿ ಬ್ರಿಟನ್ನಿನ ಡಾಲ್ ಮತ್ತು ಹಿಲ್ ಆಸ್ಪತ್ರೆಯ ರೋಗಿಗಳನ್ನು ಎಣಿಸಿದ ಕೂಡಲೇ ನಂಟು ಎದ್ದು ಕಂಡಿತ್ತು, ಆಮೇಲೆ ಯಾರು ಎಲ್ಲಿ ಎಣಿಸಿದರೂ ಕಂಡಿತು, ಜಾಸ್ತಿ ಸೇದಿದವರಲ್ಲಿ ಜಾಸ್ತಿ ಕಂಡಿತು. ರೇಡಿಯೊ ತರಂಗದಲ್ಲಿ ಎಣಿಸಿದಷ್ಟೂ, ವಿಧಾನ ಚೊಕ್ಕವಾದಷ್ಟೂ, ಮೊದಲು ಕಂಡ ಸಣ್ಣ ಸಂದೇಹಗಳು ಮಾಸುತ್ತಿವೆ. ಯಾವ ಹಾನಿಯೂ ಎಂದಿಗೂ ಇಲ್ಲವೆಂದು ವಿಜ್ಞಾನ ಸಾಬೀತುಪಡಿಸಲಾರದು. ಹಾನಿಯಿದ್ದರೆ ಅದು ಇಷ್ಟೆಲ್ಲ ಎಣಿಕೆಗಳ ಕಣ್ಣು ತಪ್ಪಿಸುವಷ್ಟು ಸಣ್ಣದಿರಬೇಕು ಎಂದಷ್ಟೇ ಹೇಳಬಲ್ಲದು. ಆ ಸಣ್ಣ ಸಂದೇಹಕ್ಕೆ ಮುನ್ನೆಚ್ಚರಿಕೆ ಬೇಕೆನ್ನುವುದಾದರೆ, ಅದನ್ನು ಪ್ರಮಾಣ ಹೆಚ್ಚಿರುವಲ್ಲಿ, ಅಂದರೆ ಫೋನಿನ ಬಳಿ, ಖರ್ಚು ಮಾಡಬೇಕು. ಸ್ಪೀಕರ್ ಅಥವಾ ಇಯರ್‌ಫೋನ್ ಬಳಸುವುದು, ಸಿಗ್ನಲ್ ಕೆಟ್ಟಿರುವಲ್ಲಿ ಉದ್ದ ಮಾತು ಬಿಡುವುದು, ಮಕ್ಕಳ ದಿಂಬಿನಡಿ ಫೋನ್ ಇಡದಿರುವುದು. *#07# ಒತ್ತಿದರೆ ಹೆಚ್ಚಿನ ಫೋನ್‌ಗಳಲ್ಲಿ ದೇಹ ಹೀರಿಕೊಳ್ಳುವ ಪ್ರಮಾಣ ಕಾಣುತ್ತದೆ. 2012ರಲ್ಲಿ ಭಾರತ ಅದಕ್ಕೆ ಹಾಕಿದ ಮಿತಿ ಕಿಲೋಗೆ 1.6 ವಾಟ್.

ಹಾಗಾದರೆ ಪಟ್ಟಣದ ಬಡಾವಣೆಯ ಸಿಟ್ಟೆಲ್ಲ ಹುಸಿಯೇ? ಅಲ್ಲ, ಅದರ ಬೇರು ತರಂಗದಲ್ಲಿಲ್ಲ, ನಡವಳಿಕೆಯಲ್ಲಿದೆ. ಒಬ್ಬ ಮಾಲೀಕ ತಿಂಗಳ ಬಾಡಿಗೆಗೆ ಒಪ್ಪಿ ಸಹಿ ಹಾಕುತ್ತಾನೆ, ಬೆಳಗಾಗುವುದರೊಳಗೆ ಅವನ ಹಳೆಯ ಮಹಡಿಯ ಮೇಲೆ ಟನ್ನುಗಟ್ಟಲೆ ಉಕ್ಕು ಏರುತ್ತದೆ, ಅಕ್ಕಪಕ್ಕದವರನ್ನು ಯಾರೂ ಕೇಳುವುದಿಲ್ಲ. ಆ ಗೋಡೆ ಆ ಭಾರ ತಾಳುತ್ತದೆಯೇ, ಮುಂಗಾರಿನ ಗಾಳಿಗೆ ಕಂಬ ನಿಲ್ಲುತ್ತದೆಯೇ, ಕರೆಂಟ್ ಹೋದಾಗಲೆಲ್ಲ ಮಲಗುವ ಕೋಣೆಯ ಕಿಟಕಿಗೆ ಡೀಸೆಲ್ ಜನರೇಟರಿನ ಹೊಗೆಯೂ ಗದ್ದಲವೂ ಬರುವುದಕ್ಕೆ ಯಾರು ಹೊಣೆ? ಇವು ಅಳೆಯಬಹುದಾದ, ಸಾಬೀತುಪಡಿಸಬಹುದಾದ ತೊಂದರೆಗಳು. ಇವನ್ನೆಲ್ಲ ಬಿಟ್ಟು ಅರ್ಜಿಯಲ್ಲಿ ‘ರೇಡಿಯೇಷನ್‌ನಿಂದ ಕ್ಯಾನ್ಸರ್’ ಎಂದು ಬರೆದ ಕೂಡಲೇ ಕಂಪನಿಯ ವಕೀಲರ ಕೆಲಸ ಸಲೀಸಾಗುತ್ತದೆ, ಇಲಾಖೆಯ ಪ್ರಮಾಣಪತ್ರ ಮುಂದಿಟ್ಟು ಗೆದ್ದು ಹೋಗುತ್ತಾರೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ, ಸಂದೇಹಕ್ಕೆ ಎಡೆಯಿಲ್ಲದ ಮೊದಲ ಗುಂಪಿನಲ್ಲಿ, ಘೋಷಿಸಿದೆ. ಟವರಿನ ತುದಿಯನ್ನು ನೋಡಿ ಹೆದರುವವರು ಬುಡದ ಜನರೇಟರನ್ನು ನೋಡುವುದೇ ಇಲ್ಲ.

ಆ ಇಲಾಖೆಯ ಪ್ರಮಾಣಪತ್ರದಲ್ಲೂ ಒಂದು ಹುಳುಕಿದೆ. ಟವರಿನ ಪ್ರಸಾರ ಮಿತಿಯೊಳಗಿದೆಯೆಂದು ಕಂಪನಿಗಳೇ ಸ್ವತಃ ದೃಢೀಕರಿಸಿ ಸಲ್ಲಿಸುತ್ತವೆ. ಇಲಾಖೆಯ ಕ್ಷೇತ್ರ ಘಟಕಗಳು ವರ್ಷಕ್ಕೆ ಶೇ 10ರವರೆಗಿನ ಕೇಂದ್ರಗಳನ್ನು ಆಯ್ದು ತಾವೇ ಅಳೆಯುತ್ತವೆ, ಮಿತಿ ಮೀರಿದರೆ ಒಂದು ಕೇಂದ್ರಕ್ಕೆ 10 ಲಕ್ಷ ರೂಪಾಯಿವರೆಗೆ ದಂಡ ನಿಗದಿಯಾಯಿತು. 2017ರ ಮೇ ತಿಂಗಳಲ್ಲಿ ತೆರೆದ ‘ತರಂಗ ಸಂಚಾರ’ ಜಾಲತಾಣದಲ್ಲಿ ನಿಮ್ಮ ಸುತ್ತಲಿನ ಟವರ್‌ಗಳ ಸ್ಥಿತಿ ನೋಡಬಹುದು, ನಿಮ್ಮ ಮನೆಯಲ್ಲೇ ಬಂದು ಅಳೆಯಿರಿ ಎಂದೂ ಕೇಳಬಹುದು. ವ್ಯವಸ್ಥೆ ಒಳ್ಳೆಯದೇ. ಆದರೆ ಅಳೆಯಲು ನಾಗರಿಕರು ಕಟ್ಟಬೇಕೆಂದು ಇಟ್ಟ ಶುಲ್ಕ 4,000 ರೂಪಾಯಿ. ಮನೆಗೆಲಸದವರ, ಗಾರೆ ಕೆಲಸದವರ ಪಾಲಿಗೆ ಇದು ಬಾಗಿಲು ಮುಚ್ಚಿದಂತೆಯೇ. ತರಂಗಕ್ಕಾಗಿ ಸರ್ಕಾರಕ್ಕೆ ಹರಾಜಿನಲ್ಲಿ ಸಾವಿರಾರು ಕೋಟಿ ಕಟ್ಟುವ ಕಂಪನಿಗಳು ಈ ಅಳತೆಯ ಖರ್ಚನ್ನು ಹೊರಲಾರವೇ? ತಮ್ಮ ಟವರ್ ಸುರಕ್ಷಿತ ಎಂಬ ಮಾತಿನಲ್ಲಿ ಅವರಿಗೆ ನಂಬಿಕೆಯಿದ್ದರೆ ಜನರಿಗೆ ಮೀಟರ್ ತೋರಿಸಲು ಹಿಂಜರಿಕೆ ಯಾಕೆ? ಕರ್ನಾಟಕದ ಸಂಸದರು ದೆಹಲಿಯಲ್ಲಿ ಕೇಳಬೇಕಾದದ್ದು ಇದನ್ನು: ಪ್ರತಿ ಟವರಿನ ಬುಡದಲ್ಲಿ, ಕನ್ನಡದಲ್ಲಿ, ಕೊನೆಯ ಬಾರಿ ಯಾರು ಎಂದು ಅಳೆದರು, ಎಷ್ಟು ಬಂತು, ಮಿತಿ ಎಷ್ಟು ಎಂಬ ಫಲಕ ಕಡ್ಡಾಯವಾಗಲಿ. ಅಳೆದು ತೋರಿಸಿ ಎಂದು ವಾರ್ಡ್ ಸಮಿತಿಯೋ ಗ್ರಾಮ ಪಂಚಾಯಿತಿಯೋ ಕೇಳಿದರೆ ಶುಲ್ಕವಿಲ್ಲದೆ ಅಳೆಯಲಿ. ಬಡಾವಣೆಯ ಸಂಘಗಳಿಗೂ ಒಂದು ಮಾತು: ಮುಂದಿನ ಮನವಿಯಲ್ಲಿ ‘ಟವರ್ ತೆಗೆಯಿರಿ’ ಎಂಬುದನ್ನು ಹೊಡೆದುಹಾಕಿ, ಕಟ್ಟಡದ ಭದ್ರತಾ ಪತ್ರ, ಜನರೇಟರಿನ ಅನುಮತಿ, ಎದುರು ಮಹಡಿಗೆ ಆ್ಯಂಟೆನಾದಿಂದಿರುವ ಅಂತರ, ಇತ್ತೀಚಿನ ಅಳತೆಯ ವರದಿ ಇಷ್ಟನ್ನು ಬರೆದು ಕೇಳಿ. ಕೊಡದಿದ್ದರೆ ಆಗ ಬೀದಿಗಿಳಿಯಿರಿ.